ದೇಶನೂರಿನ ದಾರಿಯಲ್ಲೊಂದು ಮನೆಗಾಡಿ

ಬಳ್ಳಾರಿಯಿಂದ ಸಿರುಗುಪ್ಪದ ಸೀಮೆಗೆ ಹೊರಟವರು ಕುರುಗೋಡಿನ ಮಾರ್ಗವನ್ನು ಹಿಡಿದರೆ ಸ್ವಲ್ಪ ಸುತ್ತಾಗುವುದು. ಆದರೆ ನೋಡತಕ್ಕ ವಸ್ತುಗಳಿಗೆ ಕೊರತೆಯಿಲ್ಲ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿಯುಂಟು; ಅಲ್ಲಿಯ ಏಕಶಿಲೆಯ ನಂದಿಯು ಭವ್ಯವಾದುದು. ಮುಂದೆ ತೆಕ್ಕಲಕೋಟೆ, ಅಲ್ಲಿಯ ಗುಡ್ಡಗಳಲ್ಲಿ 1963-64ರಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನರ ವಸತಿಯು ಬೆಳಕಿಗೆ ಬಂದಿತು. ನಿಟ್ಟೂರು, ಉಡೇಗೋಳಗಳಲ್ಲಿ ಅಶೋಕನ ಶಾಸನಗಳಿರುವುದೂ ಈ ಸೀಮೆಯಲ್ಲಿಯೇ. ಸಿರುಗುಪ್ಪ ಸಮೀಪಿಸಿದಂತೆ ಬಂಡೆಗಳು ಹಿಂದುಳಿದು, ತುಂಗಭದ್ರೆಯ ನೀರುಂಡ ಬತ್ತದ ಗದ್ದೆಗಳು ಕಣ್ಣನ್ನು ತಣಿಸುತ್ತವೆ. ದೇಶನೂರು ಈ ಹಸುರಿನ ಗ್ರಾಮ. ನನ್ನ ಅಕ್ಕನ ಮನೆಯಿರುವುದು ಅಲ್ಲಿ.

ನಾವು ಹೋದದ್ದು ಅಳಿಯನ ಮನೆಗಾಡಿಯಲ್ಲಿ. ಹಳೆಯ ವ್ಯಾನಿನೊಳಗೆ ಮಂಚ, ಒಲೆ, ಸಣ್ಣದೊಂದು ಶೀತಪೆಟ್ಟಿಗೆ ಎಲ್ಲವೂ ಉಂಟು. ಅದರ ಗಿಯರುಗಳು ತಾವಾಗಿಯೇ ಬದಲಾಗುವಂಥವು. ಆದರೆ ಕೆಲವು ತಿಂಗಳಿಂದ ಅದಕ್ಕೊಂದು ವಿಚಿತ್ರ ವ್ಯಾಧಿ. ಹಗಲೆಲ್ಲ ಸುಖವಾಗಿ ಓಡಿ, ಸಂಜೆಯಾದೊಡನೆ ಒಮ್ಮೆ ಜಗ್ಗಿ, ಒಂದೇ ಗಿಯರಿನಲ್ಲಿ ನಿಂತುಬಿಡುವುದು. ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಏನೂ ಆಗದಂತೆ ಸಾಗುವುದು. ಪಟ್ಟಣದ ಒಂದು ಕಾರ್ಖಾನೆಯವರು ಗಿಯರುಪೆಟ್ಟಿಗೆಯನ್ನೇ ಬದಲಿಸಬೇಕೆಂದಿದ್ದರು. ಅಷ್ಟು ಹಣ ತೆರುವುದಕ್ಕಿಂತ ಗಾಡಿಯನ್ನು ಮಾರುವುದೇ ಲೇಸೆಂದು ಅಳಿಯನು ನಿಶ್ಚಯಿಸಿದ್ದನು. ಹಿಂದೆ ಲಾರಿ ಬರುತ್ತಿರುವಾಗ ವೇಗವು ತಟ್ಟನೆ ಕುಂದಿದರೆ ಒಳಗಿರುವ ಮಕ್ಕಳ ಗತಿಯೇನು ಎಂಬುದು ಮಗಳ ಚಿಂತೆ. ತೆಕ್ಕಲಕೋಟೆ ದಾಟಿ ಕತ್ತಲಾಗುತ್ತಲೇ ಅದೇ ವ್ಯಾಧಿ ಮರುಕಳಿಸಿತು. ಕುಂಟುತ್ತ ದೇಶನೂರು ಸೇರಿದೆವು.

ಮರುದಿನ ಟ್ರ್ಯಾಕ್ಟರುಗಳನ್ನು ದುರಸ್ತಿ ಮಾಡುವ ಮೇಸ್ತ್ರಿಯೊಬ್ಬರನ್ನು ಅಕ್ಕನು ಕರೆಯಿಸಿದಳು. ಅವರು ಮೊದಲು ಗಿಯರೆಣ್ಣೆಯ ಮಟ್ಟವನ್ನೂ ಬಣ್ಣವನ್ನೂ ನೋಡಿದರು, ಎರಡೂ ಸರಿಯಾಗಿದ್ದವು. “ಕಾಲುವೆಯ ತೇವವೇ ಕಾರಣವಿರಬೇಕು, ಸಂಜೆಗೆ ಮಾತ್ರ ಹೀಗಾಗುತ್ತದೆ” ಎಂದನು ಅಳಿಯ. ಮೇಸ್ತ್ರಿಗಳು ನಕ್ಕು, “ಸಂಜೆಗೆ ನೀವು ಏನೇನು ಹಚ್ಚುತ್ತೀರಿ, ಅದನ್ನು ಹೇಳಿರಿ” ಎಂದರು. ದೀಪಗಳು, ಗಾಳಿಯಂತ್ರ, ಒಳಗಿನ ಶೀತಪೆಟ್ಟಿಗೆ! ಹಾಡುಹಗಲಿನಲ್ಲಿ ಅವೆಲ್ಲವನ್ನೂ ಹಚ್ಚಿ ಒಂದು ಸುತ್ತು ಹೋಗಲಾಗಿ ವ್ಯಾಧಿಯು ಆಗಲೇ ಪ್ರತ್ಯಕ್ಷವಾಯಿತು.

ಇಂಥ ಗಾಡಿಯಲ್ಲಿ ಗಿಯರನ್ನು ಬದಲಿಸುವುದು ಎಣ್ಣೆಯ ಒತ್ತಡ. ಆ ಎಣ್ಣೆಯ ಕವಾಟಗಳನ್ನು ತೆರೆದು ಮುಚ್ಚುವುದು ವಿದ್ಯುತ್ತು. ಅದಕ್ಕೆ ಆಜ್ಞೆ ಕೊಡುವುದು ಒಂದು ಪುಟ್ಟ ಗಣಕಪೆಟ್ಟಿಗೆ. ತನಗೆ ಬರುವ ಸೂಚನೆಗಳು ನಂಬತಕ್ಕವಲ್ಲವೆಂದು ಕಂಡರೆ ಆ ಪೆಟ್ಟಿಗೆಯು ಯಂತ್ರದ ರಕ್ಷಣೆಗಾಗಿ ಒಂದೇ ಗಿಯರನ್ನು ಹಿಡಿದು ನಿಲ್ಲುವುದು. ಆದುದರಿಂದ ಗಿಯರು ನಿಂತಿತೆಂದರೆ ಗಿಯರುಪೆಟ್ಟಿಗೆಯೇ ಕೆಟ್ಟಿತೆಂದು ಅರ್ಥವಲ್ಲ.

ಮೇಸ್ತ್ರಿಗಳು ಎಂಜಿನು ನಡೆಯುತ್ತಿರುವಾಗಲೇ ಮೀಟರಿನ ಒಂದು ಮುಳ್ಳನ್ನು ಎಂಜಿನಿಗೂ ಇನ್ನೊಂದನ್ನು ಗಾಡಿಯ ಚೌಕಟ್ಟಿಗೂ ತಾಗಿಸಿದರು. ಇವೆರಡರ ನಡುವೆ ಬಹುಮಟ್ಟಿಗೆ ಏನೂ ತೋರಬಾರದು. ದೀಪವಿಲ್ಲದಾಗ ಅಲ್ಪ, ಎಲ್ಲವನ್ನೂ ಹಚ್ಚಿದಾಗ ಸುಮಾರು 1 ವೋಲ್ಟು! ಎಂಜಿನನ್ನೂ ಚೌಕಟ್ಟನ್ನೂ ಕೂಡಿಸುವ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿದರು. ಹೊರಗೆ ಗಟ್ಟಿಯಾಗಿ ಕಂಡರೂ ಬೋಲ್ಟಿನ ಅಡಿಯಲ್ಲಿ ಹಸಿರು ಕಿಲುಬು ಹಿಡಿದಿತ್ತು. ವಿದ್ಯುತ್ತು ಮರಳುವ ಹಾದಿ ಅದೇ. ಹೊರೆ ಕಡಿಮೆಯಿರುವಾಗ ಹೇಗೋ ಸಾಗುವುದು, ಹೆಚ್ಚಿದಾಗ ಅಡ್ಡಿಯಾಗುವುದು. ಉಜ್ಜಿ, ಹೊಸ ತುದಿ ಹಾಕಿ ಬಿಗಿದ ಮೇಲೆ ಮೀಟರಿನ ಅಂಕಿಯು 0.1 ವೋಲ್ಟಿಗಿಂತ ಕೆಳಗಿಳಿಯಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಪಟ್ಟಿಯನ್ನು ಬೇಕೆಂದೇ ಸಡಿಲಿಸಿ ಓಡಿಸಿದರು, ದೋಷ ಬಂದಿತು. ಬಿಗಿದರು, ಹೋಯಿತು. ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂದು ಹೇಳುವುದು ಇದನ್ನೇ: ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ತೇವದ ಮೇಲಿನ ಸಂಶಯವು ಕಾಕತಾಲೀಯ. ಕಾಗೆ ಕುಳಿತುದಕ್ಕೂ ತಾಳೆಹಣ್ಣು ಬಿದ್ದುದಕ್ಕೂ ಕಾಲವೊಂದೇ, ಸಂಬಂಧವಿಲ್ಲ.

ಹಳೆಯ ಗಾಡಿಯುಳ್ಳ ಗೃಹಸ್ಥರು ಇಷ್ಟನ್ನು ನೆನಪಿನಲ್ಲಿಡಬಹುದು. ಬಂದುಹೋಗುವ ದೋಷವನ್ನು ಅದು ಬಂದಿರುವಾಗಲೇ ಹುಡುಕಬೇಕು. ಯಾವಾಗ, ಎಷ್ಟು ಕಾವಿನಲ್ಲಿ, ಏನೇನು ಹಚ್ಚಿರುವಾಗ ಎಂಬುದನ್ನು ಬರೆದಿಡಬೇಕು. ಬ್ಯಾಟರಿ, ಅರ್ಥಿಂಗ್ ಪಟ್ಟಿ, ಫ್ಯೂಜು, ಜೋಡಣೆಗಳನ್ನು ಮೊದಲು ಪರೀಕ್ಷಿಸಿ, ದುಬಾರಿಯಾದ ಗಿಯರುಪೆಟ್ಟಿಗೆಗೆ ಕೊನೆಯಲ್ಲಿ ಕೈಹಾಕಬೇಕು. ಅಳಿಯನು ಗಾಡಿಯನ್ನು ಮಾರಲಿಲ್ಲ. ಮೇಸ್ತ್ರಿಗಳು ತೆಗೆದುಕೊಂಡದ್ದು ಅರ್ಧ ದಿನದ ಕೂಲಿ ಮಾತ್ರ.