ಸ್ವಿಚ್ಚಿಗೆ ಹಾಕಿದ ಬದು

2000ರ ಸುಮಾರಿಗೆ ಹೊಲದ ದಾಖಲೆಗಳನ್ನು ಕಂಪ್ಯೂಟರಿಗೇರಿಸಿದ ‘ಭೂಮಿ’ ಯೋಜನೆ ಬಂದ ಮೇಲೆ ನವಲಗುಂದ, ಕುಂದಗೋಳ ಕಡೆಯ ರೈತರಿಗೆ ಉತಾರಕ್ಕಾಗಿ, ಅಂದರೆ ಪಹಣಿಗಾಗಿ, ತಲಾಟಿಯ ದಾರಿ ಕಾಯುವುದು ತಪ್ಪಿತು. ಆಗ 15 ರೂಪಾಯಿ ಕೊಟ್ಟರೆ ಕಂಪ್ಯೂಟರ್ ಉತಾರ ಕೈಗೆ ಬರುತ್ತಿತ್ತು. ಕಾಯುವುದೇನೋ ಉಳಿಯಿತು, ಈಗ ಕಿಟಕಿಯ ಮುಂದೆ. ಅಂಥ ಕಿಟಕಿಗಳ ಹಿಂದಿನ ಕೇಬಲ್ಲುಗಳೇ ಮುಂದೆ ನನ್ನ ಹೊಟ್ಟೆಪಾಡಾದವು.

ನಾನು ಹೋಗುತ್ತಿದ್ದ ಒಂದು ಕಚೇರಿಯಲ್ಲಿ ಉತಾರದ ಕೌಂಟರು, ಗುಮಾಸ್ತರ ಮೇಜು, ಕ್ಯಾಮೆರಾ ಎಲ್ಲಕ್ಕೂ ಒಂದೇ ನೆಟ್‌ವರ್ಕ್ ಸ್ವಿಚ್ಚು. ಒಬ್ಬರು ಕೂಗಿದರೆ ಎಲ್ಲರಿಗೂ ಕೇಳುವ ತೊಟ್ಟಿಮನೆ. ಹೆಸರು ಬಿತ್ತುವ ದಿನಗಳು; ಬೆಳೆಸಾಲಕ್ಕೆ ಉತಾರ ಬೇಕೆಂದು ಬಂದವರ ಪಾಳಿ ಗೇಟು ದಾಟಿತ್ತು. ಒಳಗೆ ಯಾರೋ, ಬಿಚ್ಚಿಬಿದ್ದಿದ್ದ ಕೇಬಲ್ಲಿನ ಎರಡೂ ತುದಿಗಳನ್ನು ಅದೇ ಸ್ವಿಚ್ಚಿಗೆ ಸಿಕ್ಕಿಸಿದ್ದರು. ಸಂದೇಶಗಳು ಗಾಣದೆತ್ತಿನಂತೆ ಸುತ್ತತೊಡಗಿ ಹಸಿರು ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿಣುಕುತ್ತಿದ್ದವು. ಪ್ರಿಂಟರು ಮಾತ್ರ ಸುಮ್ಮನೆ.

“ತಮ್ಮಾ, ಇವತ್ತರ ಉತಾರ ಸಿಗತೈತೋ ಇಲ್ಲೋ? ಹೊಲದಾಗ ಹಸಿ ಆರಾಕತ್ತೈತಿ,” ಎಂದ ಒಬ್ಬ ಅಜ್ಜ. ಎರಿ ಹೊಲದ ಹಸಿ ಆರಿದರೆ ಬೀಜ ಏಳುವುದಿಲ್ಲ. ಕೇಬಲ್ ಹುಡುಕಿ ಕೀಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆ ಮಾತು ನನ್ನನ್ನು ಬಿಡಲಿಲ್ಲ.

ಮುಂದೆ ವಿಲ್ಯಾನ್ (VLAN) ಮಾಡಬಲ್ಲ, ಅಂದರೆ ಒಂದೇ ಜಾಲವನ್ನು ಬೇರೆ ಬೇರೆ ಜಾಲಗಳಾಗಿ ಒಡೆಯಬಲ್ಲ, 24 ಪೋರ್ಟಿನ ಸ್ವಿಚ್ಚು ಬಂತು. ಒಂದೇ ಸರ್ವೆ ನಂಬರಿನ ಹೊಲಕ್ಕೆ ಬದು ಹಾಕಿ ಹಿಸ್ಸೆ ಮಾಡಿದ ಹಾಗೆ: ಡಬ್ಬಿ ಒಂದೇ, ಕೌಂಟರು 10ನೇ ಹಿಸ್ಸೆ, ಗುಮಾಸ್ತರ ಮೇಜು 20, ಕ್ಯಾಮೆರಾ 30. ಒಂದರ ಗದ್ದಲ ಇನ್ನೊಂದಕ್ಕೆ ಕೇಳುವುದಿಲ್ಲ. ಬದು ದಾಟಲು ರೌಟರಿನ ದಾರಿಯೊಂದೇ. ರೌಟರಿಗೆ ಹೋಗುವ ಟ್ರಂಕ್ ಕೇಬಲ್ಲಿನಲ್ಲಿ ಮೂರೂ ಹಿಸ್ಸೆಯ ಸಂದೇಶಗಳು ಕೂಡಿಯೇ ಓಡುತ್ತವೆ, ಒಂದೊಂದಕ್ಕೂ ತನ್ನ ನಂಬರಿನ ಚೀಟಿ. 1998ರ 802.1ಕ್ಯೂ ನಿಯಮದ ಈ ಚೀಟಿಯಲ್ಲಿ 4094 ಹಿಸ್ಸೆಗಳಿಗೆ ಜಾಗವುಂಟು. ನಮಗೆ ಮೂರೇ ಸಾಕಾಗಿತ್ತು.

ಮೊದಲ ಸಲ ಎಲ್ಲ ಸರಿಯಾಯಿತೆಂಬ ಖುಷಿಯಲ್ಲಿ ಸೇವ್ ಮಾಡದೆ ಮನೆಗೆ ಬಂದುಬಿಟ್ಟೆ. ರಾತ್ರಿ ಕರೆಂಟು ಹೋಗಿ ಪೋರ್ಟುಗಳ ಹಂಚಿಕೆಯೆಲ್ಲ ಅಳಿಸಿತು. ಬೆಳಗ್ಗೆ ಕೌಂಟರು ಬಂದ್, ಹೊರಗೆ ಮತ್ತೆ ಪಾಳಿ. ಇದು ಪೂರಾ ನನ್ನ ತಪ್ಪು. ಮೊದಲ ಬಸ್ಸಿಗೆ ಓಡಿ, ಎಲ್ಲ ಮತ್ತೆ ಬರೆದು, ಸೇವ್ ಮಾಡಿ, ಸ್ವಿಚ್ಚನ್ನು ನಾನೇ ಒಮ್ಮೆ ಆರಿಸಿ ಹಚ್ಚಿ ನೋಡಿದೆ. ಉಳಿದಿತ್ತು. ಯಾವ ಪೋರ್ಟು ಯಾರದೆಂದು ಕನ್ನಡದಲ್ಲಿ ಬರೆದು ರ್‍ಯಾಕಿನ ಬಾಗಿಲಿಗೆ ಅಂಟಿಸಿದೆ. ಮೊದಲ ಸಾಲು: ‘1ರಿಂದ 8, ಉತಾರ. ಕೈ ಹಚ್ಚಬ್ಯಾಡ್ರಿ.’

ಹೊರಬಂದಾಗ ಒಬ್ಬರು ಬಿಸಿ ಆರದ ಉತಾರವನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗಿಟ್ಟುಕೊಂಡು ಬ್ಯಾಂಕಿನ ಕಡೆ ಹೊರಟಿದ್ದರು.