ಒಳಹೊಲಿಗೆ

“ಮೂರು ಹೊಲಿಗೆ ಹಾಕಿದ್ದೆ ಅಮ್ಮಾ, ಎರಡು ಬಿಚ್ಚಾಯ್ತು. ಇದನ್ನೂ ಬಿಚ್ಚಿಬಿಟ್ರೆ ರವಿಕೇನೇ ಇರಲ್ಲ” ಎಂದು ನಮ್ಮ ಬೀದಿಯ ಟೈಲರು ಮಗಳ ಮದುವೆಗೆ ಹೊಲಿಸಿದ್ದ ನನ್ನ ರೇಷ್ಮೆ ರವಿಕೆಯನ್ನು ಒಳಮಗ್ಗುಲಾಗಿ ತಿರುವಿ, ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು.

ಗಂಡಸು ಓದುಗರಿಗೆ ಇದು ಗೊತ್ತಿರಲಾರದು, ಹೇಳಿಬಿಡುತ್ತೇನೆ. ರವಿಕೆಯ ಪಕ್ಕೆಯಲ್ಲಿ, ಕಂಕುಳಿನಿಂದ ಸೊಂಟದವರೆಗೆ, ಒಂದು ಹೊಲಿಗೆಯ ಪಕ್ಕಕ್ಕೆ ಕಾಲಿಂಚು ಬಿಟ್ಟು ಇನ್ನೊಂದು, ಅದರಾಚೆ ಮತ್ತೊಂದು ಹೊಲಿಗೆ ಇರುತ್ತದೆ. ಮೈ ತುಂಬಿಕೊಂಡಂತೆ ಒಂದೊಂದನ್ನೇ ಬಿಚ್ಚುತ್ತ ಹೋಗಬಹುದು. ಅಳತೆ ತೆಗೆದುಕೊಳ್ಳುವಾಗಲೇ ನಮ್ಮ ಮುಂದಿನ ಹತ್ತು ವರ್ಷದ ಜಾತಕ ಬರೆದಿಡುವವರು ಟೈಲರು ಒಬ್ಬರೇ. ಗಂಡಸರ ಅಂಗಿಗೆ ಈ ಏರ್ಪಾಡು ಯಾಕಿಲ್ಲವೋ ನನಗೆ ತಿಳಿಯದು. ಅವರ ಹೊಟ್ಟೆಗೆ ಗುಂಡಿಗಳೇ ಅಂಜಿ ತಾವಾಗಿ ಕಿತ್ತು ಹೋಗುತ್ತವೆ.

ಮನೆಗೆ ಬಂದು ಹೊಲಿಗೆ ಡಬ್ಬಿಯಿಂದ ಟೇಪು ತೆಗೆದು ಸೊಂಟಕ್ಕೆ ಸುತ್ತಿದೆ. ಮೂವತ್ತೇಳು ಇಂಚು. ಶುಗರ್ ನೋಡಲು ಹೋದಾಗ ಡಾಕ್ಟರಮ್ಮ ಹೇಳಿದ್ದು ನೆನಪಿತ್ತು: ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು, ಅಂದರೆ ಮೂವತ್ತೊಂದೂವರೆ ಇಂಚು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ, ಅಲ್ಲಿಯವರೆಗೆ ತೊಡೆಯಲ್ಲೂ ಪೃಷ್ಠದಲ್ಲೂ ಹಂಚಿಕೊಂಡಿದ್ದ ಕೊಬ್ಬು ಹೊಟ್ಟೆಯಲ್ಲಿ ಬಂದು ಠಿಕಾಣಿ ಹೂಡುತ್ತದೆ ಎಂದೂ ಅವರು ಹೇಳಿದ್ದರು. ತೂಕ 74 ಕಿಲೋ, ಎತ್ತರ ಐದಡಿ ಒಂದಿಂಚು. ಈ ಎತ್ತರಕ್ಕೆ 55 ಕಿಲೋ ಇದ್ದರೆ ಚೆನ್ನ ಎಂದಿದ್ದರು. ಐವತ್ತೈದು! ಅದು ನನ್ನ ಮದುವೆಯ ತೂಕ. ಹನಿಮೂನಿಗೆ ಹೊರಟಾಗ ರೈಲ್ವೆ ಸ್ಟೇಷನ್ನಿನ ತೂಕದ ಯಂತ್ರ, ಬಣ್ಣಬಣ್ಣದ ಬಲ್ಬು ಮಿಣುಕಿಸಿ, ಠಣ್ಣೆಂದು ಉದುರಿಸಿದ ಕಾರ್ಡಿನಲ್ಲಿ ಹಾಗೆ ಬರೆದಿತ್ತು. ಕಾರ್ಡಿನ ಹಿಂಬದಿಯ ಭವಿಷ್ಯದಲ್ಲಿ ಈ ರವಿಕೆಯ ಸುದ್ದಿ ಇರಲಿಲ್ಲ.

ಆಮೇಲೆ ಎಲ್ಲರೂ ಮಾಡುವುದನ್ನು ನಾನೂ ಮಾಡಿದೆ. ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ. ಯಾರೋ ಹೇಳಿದರೆಂದು ಜೀರಿಗೆ ನೀರು. ಯಾರೋ ತಂದುಕೊಟ್ಟ ಪುಡಿಯ ಡಬ್ಬ, ಅದರ ಬೆಲೆ ಹೇಳಿದರೆ ನಮ್ಮ ಮನೆಯವರು ಇವತ್ತಿಗೂ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಆರು ವಾರದ ಈ ಅಧ್ಯಾಯವನ್ನು ಇಲ್ಲಿಗೇ ಬಿಡುತ್ತೇನೆ.

ನಮ್ಮ ತಾರಸಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. ಮೂವತ್ತು ವರ್ಷ ನಾನು ಅದನ್ನು ಬಟ್ಟೆ ಒಣಹಾಕುತ್ತ, ಸೀರೆಯ ಎರಡು ಅಂಚುಗಳ ನಡುವೆ ನೋಡಿದ್ದೆ. ವರ್ಷಕ್ಕೊಮ್ಮೆ ಕಾರಿನಲ್ಲಿ ಹೋಗಿ ಕೈಮುಗಿದು, ಕಾರಿನಲ್ಲೇ ಇಳಿದು ಬರುತ್ತಿದ್ದೆವು. ಒಂದು ಬೆಳಿಗ್ಗೆ, ಯಾಕೋ, ಹಾಲಿನವನು ಬರುವ ಮುಂಚೆಯೇ ಚಪ್ಪಲಿ ಮೆಟ್ಟಿ ಬೆಟ್ಟದ ಪಾದಕ್ಕೆ ಹೋದೆ. ಸಾವಿರ ಚಿಲ್ಲರೆ ಮೆಟ್ಟಿಲು. ಸಾವಿರದೆಂಟು ಎನ್ನುವುದು ವಾಡಿಕೆ, ಎಣಿಸಿದವರಿಗೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಸಿಕ್ಕಿದೆ. ನಾನು ಮೊದಲ ದಿನ ಎಣಿಸಿದ್ದು ನೂರ ಎಂಬತ್ತು. ಅಲ್ಲಿಗೆ ಎದೆ ತಮಟೆಯಾಗಿ, ಕಣ್ಣು ಕತ್ತಲಿಟ್ಟು, ಪಕ್ಕದ ಬಂಡೆಗೆ ಒರಗಿದೆ.

ಕೆಳಗಿನಿಂದ ಒಬ್ಬಳು ಹುಡುಗಿ ಬಂದಳು. ಅವಳದು ಹರಕೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಎದ್ದು, ಮುಂದಿನದಕ್ಕೆ ಬಗ್ಗುತ್ತಿದ್ದಾಳೆ. ಅಂದರೆ ನಾನು ಒಂದು ಸಲ ಹತ್ತಿದ್ದನ್ನು ಅವಳು ಹತ್ತುವುದರ ಜೊತೆಗೆ ನೂರ ಎಂಬತ್ತು ಸಲ ಬಗ್ಗಿ ಎದ್ದಿದ್ದಾಳೆ! “ಕೂತ್ಕೋಬೇಡಿ ಆಂಟಿ, ಕೂತ್ರೆ ಕಾಲು ಹಿಡ್ಕೊಂಬಿಡುತ್ತೆ. ನಿಧಾನಕ್ಕೆ ಹತ್ತಿ, ಆದ್ರೆ ನಿಲ್ಬೇಡಿ” ಅಂದಳು. ಅವಳ ಹಿಂದೆ ಹಿಂದೆ, ಅವಳು ಬಗ್ಗಿದಾಗ ನಾನು ಉಸಿರೆಳೆದುಕೊಳ್ಳುತ್ತ, ಇನ್ನೂ ಅರವತ್ತು ಮೆಟ್ಟಿಲು ಹೋದೆ. ಮನೆಗೆ ಬಂದಾಗ ಸೀರೆಯ ಅಂಚೆಲ್ಲ ಕುಂಕುಮ. ಎರಡು ದಿನ ಮಲಗಿದ್ದೆ. ಮೂರನೆಯ ದಿನ ಮತ್ತೆ ಹೋದೆ.

ಮೆಟ್ಟಿಲು ಹತ್ತುವುದು ಒಂದು ವಿದ್ಯೆ ಎಂದು ಗೊತ್ತಾಗಲು ನನಗೆ ಎರಡು ತಿಂಗಳು ಬೇಕಾಯಿತು. ಮುಂಗಾಲಲ್ಲಿ ಹತ್ತಿದರೆ ಮೀನಖಂಡ ಸಿಡಿಯುತ್ತದೆ. ಪಾದ ಪೂರ್ತಿ ಕಲ್ಲಿಗೆ ಊರಿ, ಹಿಮ್ಮಡಿಯಿಂದ ಒತ್ತಿ ಮೇಲೇಳಬೇಕು, ಆಗ ಭಾರ ಮಂಡಿಯನ್ನು ಬಿಟ್ಟು ತೊಡೆಯ ಮೇಲೂ ಹಿಂಭಾಗದ ಮೇಲೂ ಬೀಳುತ್ತದೆ. ಈ ಮೆಟ್ಟಿಲುಗಳೇನು ಆಫೀಸಿನ ಮೆಟ್ಟಿಲಿನಂತೆ ಒಂದೇ ಅಚ್ಚಿನವಲ್ಲ. ಒಂದು ಗೇಣಿದ್ದರೆ ಇನ್ನೊಂದು ಮೊಳ, ಒಂದು ಸವೆದು ನುಣುಪು, ಇನ್ನೊಂದು ಇನ್ನೂ ಉಳಿಯ ಗುರುತು ಮಾಸದ್ದು. ಕಾಲು ಪ್ರತಿ ಹೆಜ್ಜೆಗೂ ಯೋಚಿಸಬೇಕು. ಕಾಲು ಯೋಚಿಸುತ್ತಿರುವಾಗ ತಲೆ ಸುಮ್ಮನಿರುತ್ತದೆ, ಅದು ನನಗೆ ಸಿಕ್ಕ ಮೊದಲ ಲಾಭ. ಗ್ಯಾಸ್ ಬುಕ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಇನ್ನೂರನೇ ಮೆಟ್ಟಿಲು ದಾಟಿ ಬಂದದ್ದನ್ನು ನಾನು ಕಂಡಿಲ್ಲ.

ವೇಗಕ್ಕೆ ಡಾಕ್ಟರಮ್ಮ ಕೊಟ್ಟ ಅಳತೆಗೋಲು ಸುಲಭದ್ದು: ಹತ್ತುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಬಂದರೆ ಮೈಗಳ್ಳತನ, ಮಾತೇ ತುಂಡಾದರೆ ಅತಿ. ನಮ್ಮದೀಗ ಐದು ಜನ ಹೆಂಗಸರ ಗುಂಪು. ಪಾದದಲ್ಲಿ ಶುರುವಾಗುವ ಮಾತು ಮುನ್ನೂರರವರೆಗೆ ಧಾರಾಳವಾಗಿ ಹರಿಯುತ್ತದೆ. ಮೆಟ್ಟಿಲ ಸಾಲಿನ ಮೊದಲರ್ಧವೇ ಕಡಿದು, ಹಾಗಾಗಿ ಸೊಸೆಯಂದಿರ ದೂರು ಸಾಮಾನ್ಯವಾಗಿ ನಾನೂರರ ಸುಮಾರಿಗೆ ಉಸಿರು ಸಾಲದೆ ನಿಂತುಹೋಗುತ್ತದೆ. ಐನೂರರ ಮೇಲೆ ಯಾರಿಗೂ ಯಾರ ಮೇಲೂ ಕೋಪವಿರುವುದಿಲ್ಲ.

ಮಗಳು ಹುಟ್ಟುಹಬ್ಬಕ್ಕೆ ಹೆಜ್ಜೆ ಎಣಿಸುವ ವಾಚು ಕಳಿಸಿದಳು. ದಿನಕ್ಕೆ ಹತ್ತು ಸಾವಿರ ಆಗಬೇಕಂತೆ. ಈ ಹತ್ತು ಸಾವಿರ ಬಂದದ್ದು ಯಾವ ವೈದ್ಯಶಾಸ್ತ್ರದಿಂದಲೂ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾಡಿ ಅದಕ್ಕೆ ‘ಮಾನ್ಪೊ-ಕೆ’ ಎಂದು ಹೆಸರಿಟ್ಟಿತು, ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದರ್ಥ. ಹೆಸರು ನಿಯಮವಾಗಿ ಊರೂರು ಸುತ್ತಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150ರಿಂದ 300 ನಿಮಿಷದ ಬಿರುಸಿನ ನಡಿಗೆಯಂಥ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ನನ್ನ ವಾಚು ಬೆಟ್ಟವನ್ನು ಬಯಲಿನಂತೆಯೇ ಎಣಿಸುತ್ತಿತ್ತು. ಸಾವಿರ ಮೆಟ್ಟಿಲಿನ ಬೆವರಿಗೆ ಸಾವಿರ ಹೆಜ್ಜೆಯ ಮಾರ್ಕು! ಅದನ್ನು ಮೊಮ್ಮಗನ ಕೈಗೆ ಕಟ್ಟಿದೆ.

ಏಳುನೂರನೇ ಮೆಟ್ಟಿಲಿನ ಆಚೀಚೆ ನಂದಿ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು. ಹದಿನೈದು ಅಡಿಗೂ ಮಿಕ್ಕ ಎತ್ತರ, ಮೈತುಂಬ ಗಂಟೆಸರ. ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ಇವನಿಗೆ ಮಹಾಭಿಷೇಕ: ಹಾಲು, ಮೊಸರು, ತುಪ್ಪ, ಜೇನು, ಕಬ್ಬಿನ ಹಾಲು, ಬಾಳೆಹಣ್ಣು. ಮುನ್ನೂರೈವತ್ತು ವರ್ಷದಿಂದ ಕೂತಲ್ಲೇ ಕೂತು ಇಷ್ಟೆಲ್ಲ ತಲೆಯ ಮೇಲೆ ಸುರಿಸಿಕೊಂಡರೂ ಈ ಮಹಾಶಯನಿಗೆ ಯಾರೂ “ಸ್ವಲ್ಪ ಓಡಾಡಪ್ಪಾ” ಎಂದಿಲ್ಲ. ಅವನ ಪಕ್ಕದ ಕಟ್ಟೆಯಲ್ಲಿ ಕೂತು ಬಾಟಲಿ ನೀರು ಕುಡಿಯುವ ಹತ್ತು ನಿಮಿಷವನ್ನು ನಾನು ಯಾರಿಗೂ ಕೊಡುವುದಿಲ್ಲ. ಕಲ್ಲು ರಾತ್ರಿಯ ತಂಪನ್ನು ಇನ್ನೂ ಹಿಡಿದಿಟ್ಟಿರುತ್ತದೆ. ಬರುವ ದಾರಿಯಲ್ಲಿ ಕೆಳಗೆ ಲಲಿತಮಹಲಿನ ಬಿಳುಪು ಕಂಡಿರುತ್ತದೆ, ದೂರದಲ್ಲಿ ಚರ್ಚಿನ ಜೋಡಿ ಗೋಪುರ. ಮಾಗಿಯ ಮಂಜಿನಲ್ಲಂತೂ ಊರೇ ಇರುವುದಿಲ್ಲ, ಬರೇ ಕೋಳಿ ಕೂಗು, ಆಟೋದ ಸದ್ದು, ಎಲ್ಲೋ ಹಾಕಿದ ಸುಪ್ರಭಾತ. ಮಳೆಗಾಲದಲ್ಲಿ ಒದ್ದೆ ಹುಲ್ಲಿನ ವಾಸನೆಗೆ ಆರಿದ ಕರ್ಪೂರದ್ದು ಬೆರೆತು ಬರುತ್ತದೆ. ಆಷಾಢದ ಶುಕ್ರವಾರಗಳಲ್ಲಿ ಮಾತ್ರ ನಾನು ರಜೆ, ಆ ದಿನ ಮೆಟ್ಟಿಲಿನ ಮೇಲೆ ಮೆಟ್ಟಿಲು ಕಾಣುವುದಿಲ್ಲ, ತಲೆಗಳೇ.

ಇಳಿಯುವುದನ್ನು ಹಗುರವೆಂದುಕೊಂಡು ಮಂಡಿ ಕೆಡಿಸಿಕೊಂಡವರು ಬಹಳ. ಹತ್ತುವಾಗ ಶ್ವಾಸಕ್ಕೆ ಕೆಲಸ, ಇಳಿಯುವಾಗ ಮಂಡಿಗೆ. ಪ್ರತಿ ಮೆಟ್ಟಿಲಲ್ಲೂ ಮೈಭಾರವನ್ನು ತೊಡೆ ತಡೆದು ತಡೆದು ಬಿಡಬೇಕು. ಬುಟ್ಟಿ ಹೊತ್ತು ಇಳಿಯುವವರನ್ನು ನೋಡಿ ನಾನು ಕಲಿತದ್ದು ಓರೆಯಾಗಿ ಇಳಿಯುವುದು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಹಾವು ಹರಿದಂತೆ. ಮಂಡಿ ಮುಲುಗಿದ ದಿನ ಯಾವ ನಾಚಿಕೆಯೂ ಇಲ್ಲದೆ ಮೇಲಿನಿಂದ ಸಿಟಿ ಬಸ್ಸು ಹತ್ತುತ್ತೇನೆ.

ಮೂರು ತಿಂಗಳು ಹೀಗೆ ಹತ್ತಿ ತೂಕ ನೋಡಿದರೆ ಒಂದೂವರೆ ಕಿಲೋ ಇಳಿದಿತ್ತು. ಫಿಸಿಕ್ಸ್ ಓದಿದ ಮಗಳಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. ಅವಳು ಅಲ್ಲೇ ಲೆಕ್ಕ ಹಾಕಿದಳು. “ಎಪ್ಪತ್ತು ಕಿಲೋ ಮೈಯನ್ನು ಇನ್ನೂರೈವತ್ತು ಮೀಟರ್ ಮೇಲಕ್ಕೆ ಎತ್ತೋದಕ್ಕೆ ನಲವತ್ತು ಕ್ಯಾಲರಿ ಸಾಕಮ್ಮ. ನಮ್ಮ ಮೈ ಅನ್ನೋ ಇಂಜಿನ್ನು ಮುಕ್ಕಾಲು ಪಾಲು ಶಾಖ ಮಾಡಿ ಕಳೆಯುತ್ತೆ, ಅದನ್ನೂ ಸೇರಿಸಿದ್ರೆ ನೂರ ಎಪ್ಪತ್ತು, ಇನ್ನೂರು ಅಂತಿಟ್ಕೊ. ಒಂದು ಕಿಲೋ ಕೊಬ್ಬಿಗೆ 7,700. ನಲವತ್ತು ಸಲ ಹತ್ತಿದ್ರೆ ಒಂದು ಕಿಲೋ.” ಬೆಟ್ಟದಿಂದ ಇಳಿದು ನಾವು ಐದೂ ಜನ ತಿನ್ನುತ್ತಿದ್ದ ಮಸಾಲೆ ದೋಸೆ ಆ ಇನ್ನೂರನ್ನು ನುಂಗಿ ಮೇಲೆ ಚಟ್ನಿ ಕೇಳುವಂಥದ್ದು. ಆ ವಿಷಯ ಅವಳಿಗೆ ಹೇಳಲಿಲ್ಲ.

ಆಗ ಅಡುಗೆಮನೆಯ ಕಡೆ ತಿರುಗಿದೆ. ನನ್ನ ಊಟದಲ್ಲಿ ದೋಷವೇನೂ ಕಾಣಲಿಲ್ಲ. ತಟ್ಟೆಯ ಹೊರಗೆ ತಿನ್ನುತ್ತಿದ್ದದ್ದೇ ದೋಷ. ಪಾತ್ರೆಯ ತಳದಲ್ಲಿ ಒಂದು ಸೌಟು ಹುಳಿ, ಫ್ರಿಜ್ಜಿಗೆ ಇಡುವಷ್ಟಿಲ್ಲ, ಚೆಲ್ಲಲು ಮನಸ್ಸಿಲ್ಲ. ಹಿಡಿಯಷ್ಟು ಅನ್ನ. ಮೊಮ್ಮಗ ಅರ್ಧ ಕಚ್ಚಿಟ್ಟ ಚಪಾತಿ. “ಇಷ್ಟೇ ಇಷ್ಟು ಉಳಿದಿದೆ, ಯಾರಾದರೂ ಹಾಕಿಸಿಕೊಳ್ಳಿ” ಎಂದು ಮೂರು ಸಲ ಹರಾಜು ಕೂಗಿ, ಸವಾಲು ಯಾರೂ ಹಿಡಿಯದೆ, ನಿಂತುಕೊಂಡೇ ಬಳಿದು ಬಾಯಿಗೆ ಹಾಕಿಕೊಳ್ಳುವುದು. ನಮ್ಮಮ್ಮ ಹೀಗೇ ಮಾಡುತ್ತಿದ್ದಳು, ಅತ್ತೆಯವರೂ ಅಷ್ಟೆ. ಅನ್ನ ಚೆಲ್ಲಬಾರದೆಂಬ ಧರ್ಮ ಮನೆಗೆಲ್ಲ ಸೇರಿದ್ದು, ಅದನ್ನು ಪಾಲಿಸುವ ಹೊಟ್ಟೆ ಮಾತ್ರ ಒಂದೇ. ಒಂದು ವಾರ ನಾನು ಈ ಬಳಿದದ್ದನ್ನೆಲ್ಲ ಬಾಯಿಗೆ ಹಾಕದೆ ಒಂದು ಡಬ್ಬಿಗೆ ಹಾಕಿಟ್ಟೆ. ರಾತ್ರಿ ತೆಗೆದು ನೋಡಿದರೆ ದಿನಕ್ಕೊಂದು ಪೂರ್ತಿ ಊಟ! ಅದನ್ನು ಊಟದ ಮೇಜಿನ ನಡುವೆ ಇಟ್ಟೆ. ನಮ್ಮ ಮನೆಯವರು ಡಬ್ಬಿಯನ್ನೂ ನನ್ನನ್ನೂ ನೋಡಿದರು. ಮಾರನೆಯ ದಿನದಿಂದ ಅಕ್ಕಿ ಅರ್ಧ ಪಾವು ಕಡಿಮೆ.

ಎರಡನೆಯದು ಅನ್ನದ ಮೂರು ಸುತ್ತು. ಹುಳಿಗೊಂದು, ಸಾರಿಗೊಂದು, ಮೊಸರಿಗೊಂದು. ಮೊಸರನ್ನ ಬಿಟ್ಟರೆ ನಾನು ಮೈಸೂರಿನಲ್ಲಿ ಇದ್ದೂ ಇಲ್ಲದಂತೆ. ಹಾಗಾಗಿ ಸಾರಿನ ಅನ್ನಕ್ಕೆ ಕತ್ತರಿ ಹಾಕಿ, ಸಾರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ. ಹೀಗೆ ಕುಡಿದಾಗಲೇ ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ಮೂವತ್ತು ವರ್ಷದ ಮೇಲೆ ನನಗೆ ತಿಳಿದದ್ದು. ಊಟಕ್ಕೆ ಮೊದಲು ಒಂದು ಬಟ್ಟಲು ಕೋಸಂಬರಿ, ಹೆಸರುಬೇಳೆ ತುಸು ಮುಂದಾಗಿ. ಮುದ್ದೆ ತಿಂದರೆ ತೆಳ್ಳಗಾಗುತ್ತಾರೆ ಎಂದು ಬೇಕಾದಷ್ಟು ಜನ ಹೇಳಿದರು. ರಾಗಿಗೂ ಅಕ್ಕಿಗೂ ಕ್ಯಾಲರಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಬಹಳ ಹೆಚ್ಚು, ಹೊಟ್ಟೆ ಬೇಗ ತುಂಬುತ್ತದೆ. ಎರಡು ಮುದ್ದೆ ನುಂಗಿದರೆ ಅದೂ ಅನ್ನವೇ.

ಹದಿನಾಲ್ಕು ತಿಂಗಳಲ್ಲಿ 74 ಹೋಗಿ 65 ಆಯಿತು. ಹೆಚ್ಚಿನದನ್ನು ಇಳಿಸಿದ್ದು ಅಡುಗೆಮನೆಯೇ, ಒಪ್ಪುತ್ತೇನೆ. ಮತ್ತೆ ಏರದಂತೆ ಹಿಡಿದಿರುವುದು ಬೆಟ್ಟ. ಅಲ್ಲಿಂದ ಮುಂದೆ ಮುಳ್ಳು ಅಲುಗಿಲ್ಲ. ಹಗುರಾದ ಮೈಗೆ ಖರ್ಚೂ ಕಡಿಮೆಯಂತೆ, ಪಿಂಚಣಿದಾರರ ಹಾಗೆ. ಊರಿನವರ ಪ್ರತಿಕ್ರಿಯೆ ಬೇರೆಯೇ. ದಪ್ಪಗಿದ್ದಾಗ “ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದೀರಿ” ಎನ್ನುತ್ತಿದ್ದವರು ಈಗ ದನಿ ತಗ್ಗಿಸಿ, “ಯಾಕೆ ಇಷ್ಟು ಸೊರಗಿಬಿಟ್ರಿ, ಶುಗರ್ರಾ?” ಎನ್ನುತ್ತಾರೆ. ಒಬ್ಬರಂತೂ ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದು ಯಾವ ಆಸ್ಪತ್ರೆ ಎಂದು ಕೇಳಿದರು. ನಾನು ಬೆಟ್ಟ ಹತ್ತುತ್ತೇನೆ ಎಂದರೆ, “ಓ, ಹರಕೆನಾ?” ಎಂದು ಸಮಾಧಾನವಾಗುತ್ತಾರೆ. ಹೌದು ಅನ್ನುತ್ತೇನೆ. ಹೆಂಗಸು ತನಗಾಗಿ ದಿನಾ ಎರಡು ಗಂಟೆ ಮನೆ ಬಿಟ್ಟು ಹೋಗುತ್ತಾಳೆ ಎನ್ನುವುದಕ್ಕಿಂತ ಹರಕೆ ಎಂದರೆ ಕೇಳಿಸಿಕೊಳ್ಳುವುದು ಸುಲಭ. ದೇವಿಯೂ ಇದುವರೆಗೆ ಆಕ್ಷೇಪಿಸಿಲ್ಲ.

ಮೊನ್ನೆ ಅದೇ ರೇಷ್ಮೆ ರವಿಕೆಯನ್ನು ಹಾಕಿಕೊಂಡರೆ ಪಕ್ಕೆಯಲ್ಲಿ ಸುಕ್ಕು ಸುಕ್ಕು. ಸಂಭ್ರಮದಿಂದ ಟೈಲರ ಅಂಗಡಿಗೆ ಹೋದೆ. ಅವರು ಕನ್ನಡಕ ಮೂಗಿಗಿಳಿಸಿ, ಟೇಪು ಸುತ್ತಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಿಚ್ಚಿದ್ದ ಎರಡು ಹೊಲಿಗೆಗಳನ್ನೂ ಇದ್ದ ಜಾಗಕ್ಕೇ ಕಟಕಟನೆ ಹಾಕಿಕೊಟ್ಟರು. ಆಮೇಲೆ ಕತ್ತರಿ ತೆಗೆದುಕೊಂಡು, “ಒಳಗಡೆ ಬಟ್ಟೆ ದಪ್ಪ ಆಯ್ತಲ್ಲಮ್ಮಾ, ಚುಚ್ಚುತ್ತೆ. ಹೆಚ್ಚಿಗೆ ಇರೋದನ್ನ ಕತ್ತರಿಸಿಬಿಡ್ಲಾ?” ಎಂದು ಕೇಳಿದರು.

“ಬೇಡ, ಇರಲಿ ಬಿಡಿ. ಮುಂದಿನ ತಿಂಗಳು ದೀಪಾವಳಿ” ಅಂದೆ.