ಹೋಗಿ ಬರುವ ಮಾತು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಹೊರಟವರನ್ನು 'ಎಲ್ಲಿಗೆ ಹೊಂಟಿ?' ಎಂದು ಹಿರಿಯರು ಕೇಳುವುದಿಲ್ಲ. ಕೇಳಲೇಬೇಕಾದರೆ 'ದೂರ ಹೊಂಟ್ಯಾ?' ಎನ್ನುತ್ತಾರೆ. ಹೊರಡುವವರಿಗೂ ಒಂದು ಕಟ್ಟಳೆಯಿದೆ. 'ಹೋಗ್ತೀನಿ' ಎಂದು ಹೊಸ್ತಿಲು ದಾಟುವಂತಿಲ್ಲ. ಮರೆತು ಹಾಗೆಂದ ಹುಡುಗನನ್ನು ಅಜ್ಜಿ ಅಲ್ಲಿಯೇ ತಡೆದು 'ಹೋಗಿ ಬರ್ತೀನಿ ಅನ್ನಬೇಕಪಾ' ಎಂದು ತಿದ್ದುತ್ತಾಳೆ. ಸಂತೆಗೆ ಹೋಗುವವನೂ, ಹೊಲಕ್ಕೆ ಹೋಗುವವನೂ, ಘಟಪ್ರಭಾ ನಿಲ್ದಾಣದಲ್ಲಿ ರೈಲು ಹಿಡಿದು ಬೆಂಗಳೂರಿಗೆ ಓದಲು ಹೋಗುವವಳೂ ಹೇಳುವುದು ಇದೊಂದೇ ಮಾತು.

ಸಾವಿರಾರು ಮೈಲಿ ದೂರದ ಜಪಾನಿನಲ್ಲಿಯೂ ಮನೆಯಿಂದ ಹೊರಡುವವರು ಇದನ್ನೇ ಹೇಳುತ್ತಾರೆ. ಅವರ ಪದ 'ಇತ್ತೆಕಿಮಾಸು'. 'ಇತ್ತೆ' ಎಂದರೆ ಹೋಗಿ, 'ಕಿಮಾಸು' ಎಂದರೆ ಬರುತ್ತೇನೆ. ಕೊನೆಯ ಉಕಾರ ಬಾಯಲ್ಲೇ ಕರಗಿ ಕಿವಿಗೆ 'ಇತ್ತೆಕಿಮಾಸ್' ಎಂದು ಬೀಳುತ್ತದೆ. ಮನೆಯಲ್ಲಿ ಉಳಿಯುವವರ ಉತ್ತರ 'ಇತ್ತೆರಾಶ್ಶಾಯ್', ಅಂದರೆ 'ಹೋಗಿ ಬಾ'. ಸಂಜೆ ಮರಳಿದವರು 'ತದಾಇಮಾ' ಎನ್ನುತ್ತಾರೆ. ಪದದ ಅರ್ಥ 'ಈಗಷ್ಟೇ', ಭಾವ 'ಬಂದೆ'. ಒಳಗಿನಿಂದ 'ಒಕಾಎರಿ' ಎಂಬ ದನಿ ಬರುತ್ತದೆ, ಅಡುಗೆಮನೆಯಿಂದ ಅವ್ವ 'ಬಂದ್ಯಾ?' ಎಂದು ಕೇಳಿದ ಹಾಗೆ.

ಜಪಾನಿ ಕಲಿಯುವ ಆಸೆ ಈಗ ದೊಡ್ಡ ಊರುಗಳಿಗಷ್ಟೇ ಸೇರಿದ್ದಲ್ಲ. 1984ರಲ್ಲಿ ಆರಂಭವಾದ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಗೆ 2010ರಿಂದ ಐದು ಹಂತಗಳಿವೆ. ಎಲ್ಲಕ್ಕಿಂತ ಸುಲಭದ್ದು ಎನ್5. ನುರಿತ ಕೆಲಸಗಾರರನ್ನು ಜಪಾನಿಗೆ ಕಳಿಸುವ ಬಗ್ಗೆ 2021ರ ಜನವರಿಯಲ್ಲಿ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡವು. ಆದರೆ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳ ತಂದೆ ತಾಯಿಗಳಿಗೆ ಒಂದು ಅಳುಕು. 'ಇಂಗ್ಲಿಷೇ ಸರಿಯಾಗಿ ಬರೂದಿಲ್ಲ, ಜಪಾನಿ ಹೆಂಗ ಬಂದೀತು?' ಎನ್ನುತ್ತಾರೆ.

ಈ ಅಳುಕಿಗೆ 'ಇತ್ತೆಕಿಮಾಸು' ಒಂದೇ ಸಾಕಷ್ಟು ಉತ್ತರ ಕೊಡುತ್ತದೆ. ಇಂಗ್ಲಿಷಿನಲ್ಲಿ 'ಐ ವಿಲ್ ಗೋ ಅಂಡ್ ಕಮ್' ಎಂದ ಹುಡುಗನಿಗೆ ತರಗತಿಯಲ್ಲಿ ನಗೆಯೇ ಬಹುಮಾನ. ಅದೇ ಹುಡುಗ ಅದೇ ಮಾತನ್ನು ಜಪಾನಿಯಲ್ಲಿ ಪದಕ್ಕೆ ಪದ ಹಾಕಿದರೆ ಪೂರ್ತಿ ಅಂಕ! ಕನ್ನಡದಂತೆಯೇ ಜಪಾನಿಯಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ಹೋಗಿ, ತಿಂದು, ಬರೆದು' ಎನ್ನುವಂತಹ ರೂಪಕ್ಕೆ ಇನ್ನೊಂದು ಕ್ರಿಯಾಪದ ಸೇರಿಸುವ ಪದ್ಧತಿಯೂ ಎರಡರಲ್ಲಿ ಒಂದೇ ತೆರ. 'ತಬೆತೆ ಮಿರು' ಎಂದರೆ ತಿಂದು ನೋಡು. ಕರದಂಟು ಕೈಗಿಟ್ಟು ಗೋಕಾಕದವರು ಹೇಳುವುದೂ ಅದನ್ನೇ ತಾನೇ? 'ಕೈತೆ ಒಕು' ಎಂದರೆ ಬರೆದಿಡು, 'ವಾಸುರೆತೆ ಶಿಮಾಉ' ಎಂದರೆ ಮರೆತುಬಿಡು. ಇವನ್ನು ಇಂಗ್ಲಿಷಿನ ಮೂಲಕ ಕಲಿಯುವವನು ಒಂದೊಂದಕ್ಕೂ ಒಂದೊಂದು ನಿಯಮ ಬಾಯಿಪಾಠ ಮಾಡಬೇಕು. ಕನ್ನಡದ ಮೂಲಕ ಕಲಿಯುವವನು ತನಗೆ ಗೊತ್ತಿದ್ದುದನ್ನೇ ನೆನಪಿಸಿಕೊಂಡರಾಯಿತು. ಇಷ್ಟರಿಂದಲೇ ಎರಡೂ ಒಂದೇ ತಾಯಿಯ ಮಕ್ಕಳು ಎನ್ನಲಾಗದು. ಜಪಾನಿಗೂ ತಮಿಳಿಗೂ ನಂಟು ಹೇಳಿದ ಸುಸುಮು ಓನೊ ಅವರ ವಾದವನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ.

ವಿದ್ಯಾರ್ಥಿಗಳು ಒಂದು ಚಿಕ್ಕ ಸಂಗತಿಯನ್ನು ಗುರುತು ಹಾಕಿಕೊಳ್ಳಬೇಕು. 'ಕಕು' (ಬರೆ) 'ಕೈತೆ' ಆಗುತ್ತದೆ. 'ಕು' ಎಂದು ಮುಗಿಯುವ ಕ್ರಿಯಾಪದಗಳ ದಾರಿಯೇ ಅದು. 'ಇಕು' (ಹೋಗು) ಮಾತ್ರ ಆ ದಾರಿ ಬಿಟ್ಟು 'ಇತ್ತೆ' ಆಗುತ್ತದೆ. ಪರೀಕ್ಷೆಯಲ್ಲಿ ಕಾಲು ಜಾರುವುದು ಇಂತಹ ಕಡೆಗೇ.

ಅರ್ಥ ಒಂದೇ ಆದರೂ ಬಳಕೆ ಪೂರ್ತಿ ಒಂದಲ್ಲ. ಕನ್ನಡದಲ್ಲಿ ಬೀಗರ ಮನೆಯಿಂದ ಏಳುವಾಗಲೂ 'ಬರ್ತೀನ್ರಿ' ಎನ್ನಬಹುದು, ಗುರುಗಳ ಮನೆಯಿಂದ ಏಳುವಾಗಲೂ ಎನ್ನಬಹುದು. ಜಪಾನಿನಲ್ಲಿ ಗುರುಗಳ ಮನೆಯ ಬಾಗಿಲಲ್ಲಿ 'ಇತ್ತೆಕಿಮಾಸು' ಎಂದರೆ, 'ಈ ಹುಡುಗ ರಾತ್ರಿ ಮಲಗಲು ಇಲ್ಲಿಗೇ ಬರುತ್ತಾನೇನೋ' ಎಂದು ಅವರು ಬೆರಗಾದಾರು. ಅತಿಥಿ ಅಲ್ಲಿ ಹೇಳಬೇಕಾದ್ದು 'ಒಜಾಮಾ ಶಿಮಾಶಿತಾ', ಅಂದರೆ 'ತೊಂದರೆ ಕೊಟ್ಟೆ'. ಕಚೇರಿಯಿಂದ ಬ್ಯಾಂಕಿಗೆ ಹೋಗಿ ಮರಳುವವನು ಜೊತೆಯವರಿಗೆ 'ಇತ್ತೆಕಿಮಾಸು' ಎನ್ನುತ್ತಾನೆ. ಕೆಲಸ ಮುಗಿಸಿ ಮನೆಗೆ ಹೊರಟವನು ಎನ್ನುವುದಿಲ್ಲ. ಎಲ್ಲಿಗೆ ಮರಳಿ ಬರುವುದಿದೆಯೋ ಅಲ್ಲಿ ಮಾತ್ರ ಹೇಳುವ ಮಾತು ಅದು.

ಹಾಗಾದರೆ ಎಲ್ಲರಿಗೂ ಗೊತ್ತಿರುವ 'ಸಯೋನಾರಾ'? ಮನೆಯವರು ದಿನಾ ಬೆಳಿಗ್ಗೆ ಅದನ್ನು ಹೇಳಿಕೊಳ್ಳುವುದಿಲ್ಲ. ಅದರಲ್ಲಿ ಅಗಲಿಕೆಯ ಭಾರವಿದೆ. ಅದರ ಮೂಲದ ಅರ್ಥ ಮಾತ್ರ ಬಲು ಸರಳ: 'ಹಾಗಾದರೆ'. ಹುಕ್ಕೇರಿಯಲ್ಲಿ ಕಟ್ಟೆಯ ಮೇಲೆ ಕುಳಿತವರು ಎದ್ದು 'ಹಂಗಾದ್ರ ಬರ್ತೀನ್ರಿ' ಎನ್ನುತ್ತಾರಲ್ಲ, ಜಪಾನಿನವರು ಅದರ ಮೊದಲರ್ಧ ಉಳಿಸಿಕೊಂಡರು. ಇತ್ತ ಅವಸರದಲ್ಲಿದ್ದವರು ಎರಡನೆಯ ಅರ್ಧವನ್ನಷ್ಟೇ ಹೇಳಿ ನಡೆದುಬಿಡುತ್ತಾರೆ.

'ಇತ್ತೆರಾಶ್ಶಾಯ್'ನಲ್ಲಿರುವುದು ಗೌರವದ ಕ್ರಿಯಾಪದ. ಅಂಗಡಿಯವರು ಗಿರಾಕಿಯನ್ನು 'ಇರಾಶ್ಶಾಯ್ಮಾಸೆ' ಎಂದು ಕರೆಯುವುದೂ ಅದರಿಂದಲೇ, ಸಂತೆಯ 'ಬರ್ರಿ, ಬರ್ರಿ' ಇದ್ದಂತೆ. ಅಷ್ಟು ಗೌರವದ ಮಾತನ್ನು ಅಲ್ಲಿಯ ತಾಯಿ ಶಾಲೆಗೆ ಹೊರಟ ಆರು ವರ್ಷದ ಮಗುವಿಗೂ ಹೇಳುತ್ತಾಳೆ. ಬಳಸಿ ಬಳಸಿ ಗೌರವ ಸವೆದು ಅಕ್ಕರೆ ಉಳಿದಿದೆ.

ಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ತಂದೆ ತಾಯಿಗಳು ಇದನ್ನು ಗಮನಿಸಬೇಕು. ನಾಲ್ಕು ವರ್ಷ ಪರದೇಶಕ್ಕೆ ಹೊರಟ ಜಪಾನಿನ ಮಗನೂ ಮನೆಯ ಬಾಗಿಲಲ್ಲಿ 'ಇತ್ತೆಕಿಮಾಸು' ಎಂದೇ ಹೇಳುತ್ತಾನೆ, ಪಕ್ಕದ ಅಂಗಡಿಗೆ ಹೋಗುವವನಂತೆ. ಆ ಮಾತು ಪೂರ್ತಿಯಾಗಲು ಉಳಿದವರೂ ಬಾಯಿ ತೆರೆಯಬೇಕು. ರಜೆ ಮುಗಿಸಿ ಟೋಕಿಯೊಗೆ ಮರಳುವ ಮೂಡಲಗಿಯ ಮಗಳು ಅವ್ವನ ಮುಂದೆ ನಿಂತು ಜಪಾನಿಯಲ್ಲಿ ಹಾಗೆಂದರೆ, ತನ್ನ ಮನೆ ಯಾವುದೆಂದು ಅವಳು ಹೇಳಿದಂತಾಯಿತು. ಅವ್ವನಿಗೆ 'ಇತ್ತೆರಾಶ್ಶಾಯ್' ನಾಲಿಗೆಗೆ ಬಾರದಿದ್ದರೂ ಚಿಂತೆಯಿಲ್ಲ. 'ಹೋಗಿ ಬಾರವ್ವ' ಎಂದರೂ ಅರ್ಥ ಅದೇ.